ಪರಿಚಯದ ಮೂರನೆಯ ಸಾಲು

ಮೇಷ್ಟ್ರಿಗೆ ಕಳಿಸಿದ ವಾಟ್ಸ್ಯಾಪ್ ಸಂದೇಶಕ್ಕೆ ಎರಡು ನೀಲಿ ಗೀಟು ಬಿದ್ದು ಅರ್ಧ ಗಂಟೆಯಾಗಿತ್ತು. ಓದಿದ್ದಾರೆ, ಉತ್ತರ ಕೊಟ್ಟಿಲ್ಲ. ಹುಲುಗೇಶ ಬಳ್ಳಾರಿಯ ಗಾಂಧಿನಗರದ ತನ್ನ ಮನೆಯ ಕನ್ನಡಿಯ ಮುಂದೆ ಒಂದು ಕೆನ್ನೆಗೆ ಮಾತ್ರ ಸೋಪು ಹಚ್ಚಿಕೊಂಡು, ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಮೊಬೈಲ್ ಆ್ಯಪ್‌ಗಳ ಸ್ಕ್ರೀನು ರೂಪಿಸುವುದೇ ಅವನ ಹೊಟ್ಟೆಪಾಡು. ಯಾವ ಗುಂಡಿ ಎಲ್ಲಿರಬೇಕು, ಯಾವ ಬಣ್ಣ ಕಂಡರೆ ಜನರ ಬೆರಳು ತಾನಾಗಿಯೇ ಅತ್ತ ಹೋಗುತ್ತದೆ ಎಂದು ಹದಿನಾಲ್ಕು ವರ್ಷದಿಂದ ತಲೆ ಕೆಡಿಸಿಕೊಂಡವನು. ಅಂಥವನಿಗೆ ಇವತ್ತು ಒಂದೇ ಒಂದು ಸಾಲು ಅಳಿಸಲು ಆಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಕುರುಗೋಡಿನ ಕಾಲೇಜಿನಲ್ಲಿ ಅವನಿಗೆ ಸನ್ಮಾನ. ಪಾಲಿಟೆಕ್ನಿಕ್ಕಿನಲ್ಲಿ ಅವನಿಗೆ ಪಾಠ ಹೇಳಿದ ಚನ್ನಬಸವರಾಜ ಮೇಷ್ಟ್ರು ಈಗ ಅಲ್ಲಿ ಪ್ರಾಂಶುಪಾಲರು; ವಾರದ ಹಿಂದೆ, ನಿನ್ನ ಪರಿಚಯ ಬರೆದು ಕಳಿಸು ಎಂದಿದ್ದರು. ಅವನು ಕಂಪನಿಯ ವೆಬ್‌ಸೈಟಿನಲ್ಲಿದ್ದದ್ದನ್ನೇ ಕನ್ನಡಕ್ಕಿಳಿಸಿ ಕಳಿಸಿದ್ದ. ಅದರ ಮೂರನೆಯ ಸಾಲು ಹೀಗಿತ್ತು: 'ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿಯ ಕೂಲಿಯಲ್ಲೇ ಓದಿ ಮುಂದೆ ಬಂದವರು.' ಬರೆಯುವಾಗ ಎರಡು ಸಲ ಯೋಚಿಸಿರಲಿಲ್ಲ, ಅಷ್ಟು ರೂಢಿಯಾಗಿತ್ತು. ಆದರೆ ನಿನ್ನೆ ಮೇಷ್ಟ್ರು ಫೋನು ಮಾಡಿ, "ತಾಯಾರನ್ನೂ ಕರಕೊಂಡು ಬಾರಪಾ, ಅವರಿಗೂ ಒಂದು ಶಾಲು ಹೊದಿಸೋಣು" ಎಂದುಬಿಟ್ಟರು. ಅವನು ಉಸಿರೆತ್ತುವ ಮೊದಲೇ ಹೊರಗೆ ಕೂತು ಕೇಳಿಸಿಕೊಂಡ ಅವ್ವ, "ಬರ್ತೀನಿ ಅಂತ ಹೇಳು" ಎಂದಿದ್ದಳು.

ಅಪ್ಪ ಸತ್ತಿರಲಿಲ್ಲ. ಸತ್ತ ಸುದ್ದಿಯಂತೂ ಯಾರಿಗೂ ಬಂದಿರಲಿಲ್ಲ. ಸಿರುಗುಪ್ಪದ ರೈಸ್‌ಮಿಲ್ಲುಗಳ ಗೋಡೆ, ಟ್ರ್ಯಾಕ್ಟರ್ ಟ್ರೇಲರಿನ ಬೆನ್ನು, ಹೋಟೆಲಿನ ಬೋರ್ಡು ಬರೆಯುತ್ತಿದ್ದ ಗಾದೆಪ್ಪ ಒಂದು ಬೆಳಿಗ್ಗೆ ಆದವಾನಿಯಲ್ಲಿ ಎಂಟು ದಿನದ ಕೆಲಸ ಇದೆ ಎಂದು ಹೋದವನು ಬರಲಿಲ್ಲ. ಇಪ್ಪತ್ತನಾಲ್ಕು ವರ್ಷ. ಗುಂತಕಲ್ಲಿನಲ್ಲಿ ಕಂಡ, ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಯಾರೋ ಲಾರಿಯವನು ಬಂದು ಹೇಳಿದಾಗ ಅವ್ವ ಮಿಲ್ಲಿನ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. "ಹೌದಾ" ಅಂದವಳು ಮೊರ ನಿಲ್ಲಿಸಲೇ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ಆ ಮಾತಿನ ಬಗ್ಗೆ ಅವಳ ಬಾಯಿಂದ, ಮಿಲ್ಲಿನ ಗೆಳತಿ ಸತ್ಯಮ್ಮನ ಮುಂದೆ ಕೂಡ, ಇನ್ನೊಂದು ಅಕ್ಷರ ಬಂದಿಲ್ಲ. ದಿನಾ ಬೆಳಿಗ್ಗೆ ಕಾಸಿನಗಲ ಕುಂಕುಮ ಇಟ್ಟುಕೊಳ್ಳುತ್ತಾಳೆ. ಅಷ್ಟೇ. ಆದರೆ ಸಾಲಿಯ ಹುಡುಗರಿಗೆ ಅಷ್ಟಕ್ಕೆ ಸಮಾಧಾನವಾಗಬೇಕಲ್ಲ. ಓಡಿಹೋದ ಗಾದೆಪ್ಪನ ಮಗ ಎಂದೇ ಅವನ ಹೆಸರಾಗಿತ್ತು. ಬಳ್ಳಾರಿಗೆ ಬಂದು ಹಾಸ್ಟೆಲ್ ಸೀಟಿಗೆ ನಿಂತಾಗ ಮೇಜಿನಾಚೆ ಕೂತಿದ್ದ ಕನ್ನಡಕದವರು ತಂದೆ ಏನು ಮಾಡುತ್ತಾರೆ ಎಂದರು. ಹುಲುಗೇಶನಿಗೆ ಆಗ ಹದಿನಾರು. "ತೀರಿಕೊಂಡ್ರು ಸಾ" ಅಂದ. ಅವರು ಕನ್ನಡಕ ತೆಗೆದಿಟ್ಟು ಅವನಿಗೊಂದು ಕುರ್ಚಿ ತರಿಸಿದರು. ಅಲ್ಲಿಯವರೆಗೆ ಯಾರೂ ಅವನಿಗೆ ಕುರ್ಚಿ ಕೊಟ್ಟಿರಲಿಲ್ಲ. ಒಂದು ಸುಳ್ಳಿಗೆ ಇಷ್ಟು ಮರ್ಯಾದೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ಯಾವ ಹುಡುಗ ತಾನೇ ಬಿಟ್ಟಾನು? ಆಮೇಲಿನ ಪ್ರತಿ ಸಂದರ್ಶನದಲ್ಲೂ ಅವನು ಅಪ್ಪನನ್ನು ಸಾಯಿಸಿದ. ಪ್ರತಿ ಸಲವೂ ಅಪ್ಪ ಒಂದಿಷ್ಟು ಉಪಕಾರ ಮಾಡಿಯೇ ಸತ್ತ.

ಫೋನು ಗುಂಯ್‌ಗುಟ್ಟಿತು. ಮೇಷ್ಟ್ರೇ. ಸೋಪು ಕಿವಿಗೆ ಮೆತ್ತಿತು.

"ಏನೋ ಮೂರನೇ ಸಾಲು ಬಿಟ್ಬಿಡ್ರಿ ಅಂತ ಹಾಕೀಯಲ್ಲಪಾ, ಯಾಕ?"

"ಭಾಳ ಉದ್ದ ಆತೇನೋ ಅಂತ ಸಾ."

"ಏ, ಹುಚ್ಚಪ್ಪಾ! ಅದ ಅಲ್ಲೇನು ಹುಡುಗರ ಎದಿಗೆ ಮುಟ್ಟೋ ಮಾತು? ಉಳಿದದ್ದೆಲ್ಲಾ ಬಿಟ್ರೂ ಅದನ್ನ ಬಿಡಾಕ ಬರಲ್ಲ. ನಮ್ಮ ಅನುಷಾ ಮೇಡಂ ಎಲ್ಲಾರಿಗೂ ಓದಿ ತೋರಿಸ್ಯಾರ. ಕಣ್ಣಾಗ ನೀರು ಅವರಿಗೆ. ಲಗೂನ ಬರ್ರಿ."

ಸುಳ್ಳು ಸಾ ಅದು, ಎಂದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ. ಆ ಕನ್ನಡಕ, ಆ ಕುರ್ಚಿ, ಮೇಷ್ಟ್ರು ಅವನಿಗೆಂದು ಯಾರ್ಯಾರಿಗೋ ಕೈಮುಗಿದು ಮಾಫಿ ಮಾಡಿಸಿಕೊಟ್ಟ ಫೀಸು, ಎಲ್ಲ ಆ ನಾಲಿಗೆಯ ಮೇಲೆ ಕೂತಿದ್ದವು. "ಆತು ಸಾ" ಎಂದು ಇಟ್ಟ.

ಇನ್ನೊಂದು ದಾರಿ ಉಳಿದಿತ್ತು. ನಡುಮನೆಗೆ ಬಂದು, "ಯವ್ವಾ, ಮೊಳಕಾಲು ನೋವು ಅಂತಿದ್ದಿ, ಬಿಸಿಲು ಬ್ಯಾರೆ ಭಾಳ ಐತಿ..." ಎಂದು ರಾಗ ಎಳೆದ. ಸಾವಂತ್ರಮ್ಮ ಹಸಿರು ಇಳಕಲ್ ಸೀರೆಯುಟ್ಟು, ಮಂಡಕ್ಕಿ ಒಗ್ಗರಣಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. "ನನ್ನ ಮೊಳಕಾಲು ನಿನಗ ಯಾವಾಗಿಂದ ನೆನಪಾತಲೇ?" ಎಂದು ಮಿರ್ಚಿ ಮುರಿದಳು. ಮೀನಾಕ್ಷಿ ಅಡಿಗೆಮನೆಯಿಂದ ನಕ್ಕಳು. ಮದುವೆಯಾಗಿ ಒಂಬತ್ತು ವರ್ಷವಾದ ಅವಳಿಗೆ ಮಾವ ಬಿಟ್ಟುಹೋದದ್ದು ಗೊತ್ತು. ಗಂಡ ಊರಮುಂದೆ ಅವರನ್ನು ಸಾಯಿಸಿಕೊಂಡು ಬಂದದ್ದು ಗೊತ್ತಿಲ್ಲ. ಕಂಪನಿಯ ಇಂಗ್ಲಿಷ್ ಪುಟವನ್ನು ಅವಳೇಕೆ ಓದುತ್ತಾಳೆ? ಹುಲುಗೇಶ ಅವ್ವನ ಹಣೆ ನೋಡಿದ. ಇವತ್ತು ಕುಂಕುಮ ದಿನಕ್ಕಿಂತ ದೊಡ್ಡದಾಗಿತ್ತು. ಸ್ವಲ್ಪ ಸಣ್ಣದು ಇಟ್ಟುಕೋ ಎನ್ನಲೇ ಎಂಬ ಯೋಚನೆ ಬಂತು. ಬಂದದ್ದೇ ತಡ, ಅಂಗಳಕ್ಕೆ ಹೋಗಿ ಕಾರಿನ ಗಾಜು ಒರೆಸತೊಡಗಿದ. ಥೂ, ಎಂಥಾ ಮಗ ನೀನು ಎಂದು ಗಾಜಿನೊಳಗಿನ ಮುಖಕ್ಕೆ ಹೇಳಿದ. ಆ ಮುಖದ ಒಂದು ಕೆನ್ನೆಯ ಮೇಲೆ ಸೋಪು ಹಾಗೇ ಒಣಗಿತ್ತು.

ಕುರುಗೋಡಿನ ದಾರಿಯಲ್ಲಿ ಎರಡೂ ಬದಿ ಮೆಣಸಿನಕಾಯಿ ಒಣಹಾಕಿದ್ದರು. ಘಾಟು ಕಾರಿನೊಳಗೆ ನುಗ್ಗಿ ಮೂವರೂ ಸೀನಿದರು. ಆ ಕೆಂಪು ನೋಡುತ್ತಿದ್ದರೆ ಅವನಿಗೆ ತನ್ನ ಸನ್ಮಾನಕ್ಕೆ ಕಾರಣವಾದ ಆ ದುಂಡನೆಯ ಚುಕ್ಕಿ ನೆನಪಾಗುತ್ತಿತ್ತು. ಬಿಪಿ, ಸಕ್ಕರೆ ಕಾಯಿಲೆಯ ಹೆಂಗಸರು ಮಾತ್ರೆ ತೆಗೆದುಕೊಂಡರೋ ಇಲ್ಲವೋ ನೋಡಲು ಒಂದು ಆ್ಯಪ್. ಓದು ಬಾರದವರಿಗೂ ತಿಳಿಯಲಿ ಎಂದು ಅವನು ಒಂದು ಕೆಂಪು ಚುಕ್ಕಿ ಇಟ್ಟಿದ್ದ. ಮಾತ್ರೆ ನುಂಗಿ ಅದನ್ನು ಮುಟ್ಟಿದರೆ ಚುಕ್ಕಿ ಮಾಯ, ಬಿಳಿ ಉಳಿಯುತ್ತದೆ. ಎಷ್ಟು ಸುಲಭ! ಆ್ಯಪ್ ಮಾಡಿಸಿದ ಹೈದರಾಬಾದಿನವರು ಭೇಷ್ ಎಂದರು. ಹಳ್ಳಿಗಳಲ್ಲಿ ಒಬ್ಬಳೂ ಮುಟ್ಟಲಿಲ್ಲ. ಮಾತ್ರೆಯ ಸ್ಟ್ರಿಪ್ಪು ಖಾಲಿ, ಫೋನಿನಲ್ಲಿ ಚುಕ್ಕಿ ಹಾಗೇ ಕೆಂಪಗೆ. ತಿಂಗಳುಗಟ್ಟಲೆ ಯಾರಿಗೂ ಕಾರಣ ಹೊಳೆಯಲಿಲ್ಲ. ಕೊನೆಗೊಂದು ದಿನ ಫೋನನ್ನು ಅವ್ವನ ಕೈಗೆ ಕೊಟ್ಟು, ಒತ್ತವ್ವಾ ಎಂದ. ಅವಳು ಬೆರಳು ತಂದವಳು ಹಿಂದೆಗೆದಳು. "ಒತ್ತಿದ್ರ ಅಳಿಸಿ ಹೋಗ್ತೈತಲ್ಲೋ. ಕುಂಕುಮ ಅಳಸಾಕ ನನ್ನ ಕೈ ಬರಾದಿಲ್ಲಪಾ." ಅವತ್ತು ರಾತ್ರಿಯೇ ತಿರುವುಮುರುವು ಮಾಡಿದ. ಮೊದಲು ಬರೀ ಬಿಳಿಯ ದುಂಡು, ಮುಟ್ಟಿದರೆ ಕೆಂಪು ಮೂಡುತ್ತದೆ. ಮರುವಾರದಿಂದ ಹೆಂಗಸರು ಮಾತ್ರೆಗೊಂದು ಬೊಟ್ಟು ಇಡತೊಡಗಿದರು. ಎಲ್ಲರೂ ಅವನನ್ನು ಕೊಂಡಾಡಿದರು. ಗಂಡ ಸತ್ತ ಹೆಂಗಸು ಯಾವ ಕುಂಕುಮ ಅಳಿಸಲು ಹೆದರಿದಳು ಎಂದು ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಅವನ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು.

ಅಪ್ಪನಿಗೂ ಕೆಂಪೆಂದರೆ ಇಷ್ಟ. ಗೋಡೆಗೆ ಸುಣ್ಣದ ದಾರ ಹಿಡಿದು ಚಟ್ಟನೆ ಬಿಟ್ಟರೆ ನೇರ ಗೆರೆ ಬೀಳುತ್ತಿತ್ತು. ದಾರದ ಒಂದು ತುದಿ ಹುಲುಗೇಶನ ಕೈಯಲ್ಲಿ. "ಅಕ್ಷರದ ನಡುವಿನ ಜಾಗ ನೋಡಲೇ, ಅಕ್ಷರ ಯಾರಾದ್ರೂ ಬರೀತಾರ" ಎನ್ನುತ್ತಿದ್ದ. ಈಗ ಅವನು ಕಂಪನಿಯ ಹೊಸ ಹುಡುಗರಿಗೆ ಹೇಳಿಕೊಡುವುದೂ ಅದನ್ನೇ, ಇಂಗ್ಲಿಷಿನಲ್ಲಿ. ಆಮೇಲೆ ಫ್ಲೆಕ್ಸ್ ಬಂತು. ಕೈಬರಹದ ಬೋರ್ಡು ಯಾರಿಗೆ ಬೇಕು? ಅಪ್ಪ ಹೋದದ್ದು ಆ ವರ್ಷವೇ. ಡಿಪ್ಲೊಮಾ ಮುಗಿಸಿ ಹುಲುಗೇಶ ಮೊದಲು ಸೇರಿದ್ದು ಎಲ್ಲಿಗೆ? ಬಳ್ಳಾರಿಯ ಒಂದು ಫ್ಲೆಕ್ಸ್ ಅಂಗಡಿಗೆ. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಎರಡಕ್ಕೂ ಒಂದೇ ಹೂವಿನ ಚೌಕಟ್ಟು. ಅಲ್ಲಿಂದ ವೆಬ್‌ಸೈಟು, ಅಲ್ಲಿಂದ ಮೊಬೈಲು. ಯಾವ ಯಂತ್ರ ಅಪ್ಪನ ಅನ್ನ ತಿಂದಿತೋ ಅದರ ಮುಂದೆ ಕೂತೇ ಮಗ ಅನ್ನ ಉಂಡ. ಅಪ್ಪ ಎಲ್ಲೋ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತನ್ನ ಫ್ಲೆಕ್ಸಿನ ಅಕ್ಷರ ನೋಡಿ, ನಡುವಿನ ಜಾಗ ಸರಿಯಿಲ್ಲ ಎಂದು ಉಗುಳಿರಬಹುದು ಎಂದು ಎಷ್ಟೋ ಸಲ ಅನ್ನಿಸಿತ್ತು.

"ಯಾಕಲೇ, ಬಾಯಿ ಬಿದ್ದು ಹೋಗೈತೇನು?" ಎಂದು ಹಿಂದಿನ ಸೀಟಿನಿಂದ ಅವ್ವ ಕೇಳಿದಳು. "ಸ್ಟೇಜಿನ ಮ್ಯಾಲ ಏನರ ಮಾತಾಡ್ತೀಯೋ ಇಲ್ಲೋ?"

ಬೆಟ್ಟದ ಗುಂಡುಗಳು ಕಂಡವು. ಅವ್ವ ದೊಡ್ಡಬಸವೇಶ್ವರನ ದಿಕ್ಕಿಗೆ ಕೈಮುಗಿದಳು. ಕಾಲೇಜಿನ ಬಾಗಿಲಿಗೆ ರಂಗೋಲಿ ಹಾಕಿದ್ದರು. ಅನುಷಾ ಮೇಡಂ ಎಂಬ ಚಿಕ್ಕ ವಯಸ್ಸಿನ ಉಪನ್ಯಾಸಕಿ ತಟ್ಟೆ ಹಿಡಿದು ನಿಂತಿದ್ದರು: ಅರಿಶಿಣ, ಕುಂಕುಮ, ಮಲ್ಲಿಗೆ, ಕಲ್ಲುಸಕ್ಕರೆ. ಮೀನಾಕ್ಷಿಗೆ ಅರಿಶಿಣ ಕುಂಕುಮ ಕೊಟ್ಟರು, ಹೂವು ಕೊಟ್ಟರು. ಮುಂದಿನದು ಅವ್ವ. ಅವ್ವ ಎಲ್ಲ ಮುತ್ತೈದೆಯರ ಹಾಗೆ ಹಣೆಯನ್ನು ತುಸು ಮುಂದೆ ಮಾಡಿ ನಿಂತಳು. ಅನುಷಾ ಮೇಡಂ ಅವರ ಕೈ ಕುಂಕುಮದ ಬಟ್ಟಲ ತನಕ ಹೋಗಿ ನಿಂತುಬಿಟ್ಟಿತು. ಅವರ ಕಣ್ಣು ಅವ್ವನ ಹಣೆಗೆ ಹೋಯಿತು, ಅಲ್ಲಿಂದ ಹುಲುಗೇಶನ ಕಡೆ ಬಂತು. ಪರಿಚಯ ಓದಿದವರು ಅವರು. ಗಲಿಬಿಲಿಯಲ್ಲಿ ಕುಂಕುಮವನ್ನೂ ಹೂವನ್ನೂ ದಾಟಿ ಒಂದು ಚೂರು ಕಲ್ಲುಸಕ್ಕರೆ ಎತ್ತಿ ಅವ್ವನ ಅಂಗೈಗೆ ಹಾಕಿದರು. ಅವ್ವನ ಹಣೆ ಹಾಗೇ ಮುಂದಿತ್ತು. ಆ ಒಂದು ಗಳಿಗೆಯನ್ನು ಹುಲುಗೇಶ ಸಾಯುವವರೆಗೆ ಮರೆಯಲಾರ.

"ಯಾಕವಾ, ನನಗ ಇಲ್ಲೇನು?" ಎಂದಳು ಅವ್ವ, ಮೆತ್ತಗೆ.

"ತಪ್ಪಾತ್ರಿ ಅಮ್ಮಾ... ನಾನು... ಸರ್ ಕಳಿಸಿದ್ರಾಗ..." ಅನುಷಾ ಮೇಡಂ ಅಳುವ ಹಾಗಾದರು.

ಹುಲುಗೇಶ ಫೋನು ತೆಗೆದು ನೋಡಿದ. ಏನೂ ಬಂದಿರಲಿಲ್ಲ. ನೋಡುತ್ತಲೇ ಇದ್ದ. ಅವ್ವ ಅವನನ್ನೊಮ್ಮೆ ನೋಡಿದಳು, ಆಮೇಲೆ ತಾನೇ ಬಟ್ಟಲಿಗೆ ಬೆರಳಿಟ್ಟು ಹಣೆಗೆ ಹಚ್ಚಿಕೊಂಡು, ಆ ಹುಡುಗಿಯ ಗಲ್ಲ ಸವರಿ, "ಇರ್ಲಿ ಬಿಡವಾ" ಎಂದು ಒಳಗೆ ನಡೆದಳು. ಮೀನಾಕ್ಷಿ ಗಂಡನ ಮುಖ ನೋಡುತ್ತ ಅಲ್ಲೇ ನಿಂತಿದ್ದಳು. ಅವಳಿಗೆ ಅರ್ಧ ಅರ್ಥವಾಗಿತ್ತು, ಆ ಅರ್ಧವೇ ಸಾಕಾಗಿತ್ತು.

ವೇದಿಕೆಯ ಮೇಲೆ ಐದು ಕುರ್ಚಿ. ಅವ್ವನದು ತುದಿಯದು. ಚನ್ನಬಸವರಾಜ ಮೇಷ್ಟ್ರು ಪರಿಚಯ ಓದಿದರು. ಮೂರನೆಯ ಸಾಲಿಗೆ ಬಂದಾಗ ದನಿ ತಗ್ಗಿಸಿ, ಹುಡುಗರ ಕಡೆ ನೋಡಿ, ಎರಡು ಸಲ ಓದಿದರು. ತಂದೆ ತೀರಿಕೊಂಡ ಮೇಲೆ. ತಂದೆ ತೀರಿಕೊಂಡ ಮೇಲೆ. ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಶಾಲು ಹೊದಿಸಿದರು. ಅವನ ಸರದಿ ಬಂತು. ಮೈಕಿನ ಮುಂದೆ ಹೋಗಿ ನಿಂತಾಗ ಅವನ ಕಣ್ಣಮುಂದೆ ಇದ್ದದ್ದು ಮುಂದಕ್ಕೆ ಬಾಗಿ ಕಾಯುತ್ತಿದ್ದ ಆ ಹಣೆ ಒಂದೇ. ಆಗಿದ್ದಾಗಲಿ ಎಂದುಕೊಂಡ.

"ಸರ್ ಓದಿದ್ರಾಗ ಒಂದು ಸುಳ್ಳೈತಿ. ಬರೆದಾವ ನಾನ. ನಮ್ಮಪ್ಪ ಸತ್ತಿಲ್ಲ. ನಮ್ಮವ್ವನ್ನ, ನನ್ನ ಬಿಟ್ಟು ಹೋದ. ಬ್ಯಾರೆ ಸಂಸಾರ ಮಾಡ್ಯಾನ ಅಂತಾರ. ಅದನ್ನ ಹೇಳಾಕ ನಾಚಿಕಿ ಆಗಿ, ಸತ್ತಾನ ಅಂತ ಹೇಳಿದೆ. ಇಪ್ಪತ್ತು ವರ್ಷ ಹೇಳಿದೆ. ಇವತ್ತು ಬಾಗಿಲದಾಗ ನಮ್ಮವ್ವಗ ಕುಂಕುಮ ತಪ್ಪಿತು. ತಪ್ಪಿಸಿದಾವ ನಾನು."

ಹುಡುಗರ ಕೈಗಳು ಮೆಲ್ಲಗೆ ಮೇಲೆದ್ದವು, ಪ್ರತಿ ಕೈಯಲ್ಲೂ ಒಂದು ಫೋನು. ಅವನು ಅಪ್ಪನ ಸುಣ್ಣದ ದಾರದ ಬಗ್ಗೆ ಹೇಳಿದ, ಫ್ಲೆಕ್ಸ್ ಅಂಗಡಿಯ ಬಗ್ಗೆ, ಕೆಂಪು ಚುಕ್ಕಿಯ ಬಗ್ಗೆ ಹೇಳಿದ. ಎಂದೂ ಅಷ್ಟು ಸರಾಗವಾಗಿ ಮಾತಾಡಿರಲಿಲ್ಲ. ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಎದ್ದು ಬಂದು ಬೆನ್ನು ತಟ್ಟಿ, "ಎದಿಗಾರಿಕಿ ಬೇಕಪಾ ಇದಕ್ಕ" ಎಂದರು. ಅವರ ಕನ್ನಡಕ ಒದ್ದೆಯಾಗಿತ್ತು. ಅವನಿಗೆ ವಾರದ ಜ್ವರ ಬಿಟ್ಟ ಹಾಗೆ ಮೈ ಹಗುರಾಗಿತ್ತು. ಅವ್ವ ಅಳುತ್ತಿರಬಹುದು, ಹೋಗಿ ಕಾಲು ಮುಟ್ಟಬೇಕು ಎಂದು ತುದಿಯ ಕುರ್ಚಿಯ ಕಡೆ ತಿರುಗಿದ. ಕುರ್ಚಿಯ ಮೇಲೆ ಮಡಿಸಿಟ್ಟ ಶಾಲು ಇತ್ತು, ಅವ್ವ ಇರಲಿಲ್ಲ.

ಕಾಲೇಜಿನ ಹಿಂದೆ ಬೇವಿನ ಮರದ ಕೆಳಗೆ, ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ಮೀನಾಕ್ಷಿ ಸ್ವಲ್ಪ ದೂರದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ಅವ್ವ ಅಳುತ್ತಿರಲಿಲ್ಲ.

"ತಪ್ಪಾತು ಯವ್ವಾ. ಸತ್ತಾನ ಅಂತ..."

"ನೀ ಸತ್ತಾನ ಅಂದದ್ದು ನನಗ ಗೊತ್ತಿತ್ತು" ಎಂದಳು. "ಹಾಸ್ಟೆಲಿಂದ ಕಾಗದ ಬಂದಿತ್ತಲ್ಲ, ಸತ್ಯಮ್ಮನ ಮಗಳು ಓದಿ ಹೇಳಿದ್ಲು. ಹುಡುಗ ಅದಾನ, ಅವನ ಸಿಟ್ಟು ಅವನದು, ಸಾಯಿಸಿದ್ರ ಸಾಯಿಸ್ಕೊಳ್ಲಿ ಅಂತ ಸುಮ್ನಾದೆ. ಅದು ನಿನ್ನ ಸುಳ್ಳು. ನನಗೇನು ಹತ್ತಲಿಲ್ಲ."

ಹುಲುಗೇಶ ಇಪ್ಪತ್ತು ವರ್ಷ ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ ಆಗಿರಲಿಲ್ಲ.

"ಇವತ್ತು ಏನಂದಿ? ಬಿಟ್ಟು ಹೋದ ಅಂದಿ. ನಾ ಅಲ್ಲೇ ಕುಂತಿದ್ದೆ. ನನ್ನ ಒಂದು ಮಾತು ಕೇಳಿದೇನು? ಮಿಲ್ಲಿನಾಗ ಮಂದಿ ಎಷ್ಟೋ ಕೆದಕಿದ್ರು. ನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಂದಿ ಏನರ ಅನ್ಲಿ, ನನ್ನ ಮನ್ಯಾಗಿಂದ ಆ ಮಾತು ಹೊರಗ ಬಿದ್ದಿರಲಿಲ್ಲ. ಸತ್ಯಮ್ಮನ ಮುಂದೂ ಅಂದಿಲ್ಲ. ಯಾವಾಗರ ಒಂದಿನ ಅಂತಿದ್ದೆನೋ ಏನೋ. ಅನ್ನೋದಾದ್ರ ನಾ ಅನ್ನಬೇಕಿತ್ತು. ನೀ ಹಗುರ ಆದಿ, ಆತು. ನಾ ಗಂಡ ಬಿಟ್ಟಾಕಿ ಆದೆ."

ಒಳಗೆ ಊಟಕ್ಕೆ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಅವನ ಹೆಗಲ ಮೇಲಿನ ಶಾಲು ಸೆಕೆಯಾಗಿ ಮೈಗೆ ಅಂಟಿಕೊಂಡಿತ್ತು. ತೆಗೆಯಬೇಕೆಂದೂ ತೋಚಲಿಲ್ಲ.

"ಆ ಹುಡುಗ್ರು ಎಲ್ಲಾ ಫೋನಿನಾಗ ಹಿಡಕೊಂಡ್ರಲ್ಲ" ಎಂದಳು ಅವ್ವ. "ಅದು ಸಿರುಗುಪ್ಪಕ್ಕ ಎಷ್ಟೊತ್ತಿಗೆ ಮುಟ್ತೈತಿ?"

ಜಗತ್ತಿನಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ ಅದೊಂದೇ. ಈಗಾಗಲೇ ಮುಟ್ಟಿರುತ್ತದೆ. ತಲೆ ತಗ್ಗಿಸಿದ. ಅವಳಿಗೆ ಅರ್ಥವಾಯಿತು.

"ಸತ್ಯಮ್ಮಗ ಫೋನ್ ನೋಡಾಕ ಬರಲ್ಲ. ಮೊಮ್ಮಗಳು ಸಾಲಿಯಿಂದ ಬಂದು ತೋರಿಸಬೇಕು, ನಾಕೂವರಿ ಆಗ್ತೈತಿ. ಅಷ್ಟ್ರಾಗ ನಾ ಆಕಿ ಮುಂದ ಕುಂತಿರಬೇಕು. ಆಕಿ ನನ್ನ ಬಾಯಿಲೇ ಕೇಳಬೇಕು. ಏಳು, ಗಾಡಿ ತಗಿ."

ಊಟಕ್ಕೆ ನಿಲ್ಲಲಿಲ್ಲ. ಮೇಷ್ಟ್ರು ಬಾಗಿಲಿಗೆ ಬಂದು ಕೂಗುತ್ತಿದ್ದರು, ಕೈಯೆತ್ತಿ ಏನೋ ಹೇಳಿ ಹೊರಟುಬಿಟ್ಟ. ಈ ಸಲ ಅವ್ವ ಮುಂದಿನ ಸೀಟಿನಲ್ಲಿ ಕೂತಳು. ಸಿರಿಗೇರಿ ಕಡೆಯ ದಾರಿ ಹಿಡಿದ. ಇಷ್ಟು ಜೋರಾಗಿ ಅವನು ಎಂದೂ ಗಾಡಿ ಹೊಡೆದವನಲ್ಲ. ಎದುರು ಭತ್ತದ ಟ್ರ್ಯಾಕ್ಟರು ಬಂದಾಗ ಮೀನಾಕ್ಷಿ ಹಿಂದೆ ಉಸಿರು ಬಿಗಿ ಹಿಡಿಯುತ್ತಿದ್ದಳು, ಬೇಡ ಅನ್ನುತ್ತಿರಲಿಲ್ಲ. ಅವನ ಜೇಬಿನಲ್ಲಿ ಫೋನು ಮೇಲಿಂದ ಮೇಲೆ ಗುಂಯ್‌ಗುಟ್ಟುತ್ತಿತ್ತು. ಮೆಚ್ಚಿಗೆಗಳು ಇರಬೇಕು. ತೆಗೆದು ನೋಡಲಿಲ್ಲ. ಸಿರಿಗೇರಿ ದಾಟಿದ ಮೇಲೆ ಅವ್ವ ಮೆಲ್ಲಗೆ ಬಾಯಿ ತೆರೆದಳು. ಅವನಿಗಲ್ಲ, ಗಾಜಿನ ಮುಂದಿನ ರಸ್ತೆಗೆ.

"ಸತ್ಯಮ್ಮಾ, ನಮ್ಮೋರು..."

ನಿಲ್ಲಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಾಲುವೆ ಬಂತು, ನಾಟಿಯಾದ ಗದ್ದೆ ಬಂತು.

"ಸತ್ಯಮ್ಮಾ, ನಿನಗೊಂದು ಮಾತು ಹೇಳಬೇಕು. ನಮ್ಮ ಗಾದೆಪ್ಪ..."

ಗಂಡನ ಹೆಸರನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಮತ್ತೆ ನಿಲ್ಲಿಸಿದಳು. ಹಾಗೆ ಮೂರು ಸಲ, ನಾಲ್ಕು ಸಲ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಮಾತು ನಿಲ್ಲುತ್ತಿತ್ತು. ಅವನು ವೇದಿಕೆಯ ಮೇಲೆ ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ಹೊಡೆಸಿಕೊಂಡ 'ಬಿಟ್ಟು ಹೋದ' ಎಂಬ ಆ ಎರಡು ಶಬ್ದ ಅವಳ ಗಂಟಲಿನಿಂದ ಹೊರಡುತ್ತಿರಲಿಲ್ಲ. ಅವನಿಗೆ ಅಳು ಒತ್ತಿ ಬಂತು. ಅಳುವ ಹಕ್ಕು ಇವತ್ತು ತನ್ನದಲ್ಲ ಎಂದು ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿದ. ದೂರದಲ್ಲಿ ಸಿರುಗುಪ್ಪದ ಮಿಲ್ಲುಗಳ ಹೊಗೆಕೊಳವೆ ಕಂಡವು. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು.

ಅವ್ವ ಅವನ ಮೊಣಕೈ ಮೇಲೆ ಕೈಯಿಟ್ಟಳು.

"ಹುಲುಗ್ಯಾ, ಸ್ವಲ್ಪ ನಿಧಾನ ಹೊಡಿಯಪಾ" ಎಂದಳು. "ನನಗಿನ್ನಾ ಬಾಯಿಗೆ ಬರವಲ್ದು."